ಮಾಳಿಗೆ ಹತ್ತಿದ ಇಸಿಜಿ

ಹೋದ ವರ್ಷ ಮಳೆಗಾಲದ ಒಂದು ರಾತ್ರಿ, ಕಪ್ಪತಗುಡ್ಡದ ಬುಡದಲ್ಲಿರುವ ನಮ್ಮೂರಿನಲ್ಲಿ ಅಪ್ಪನಿಗೆ ಎದೆನೋವು ಕಾಣಿಸಿಕೊಂಡಿತು. ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆವು. ನರ್ಸ್ ಐದೇ ನಿಮಿಷದಲ್ಲಿ ಇಸಿಜಿ ತೆಗೆದರು. ಗುಲಾಬಿ ಚೌಕಳಿಯ ಆ ಕಾಗದದ ಫೋಟೊ ಹುಬ್ಬಳ್ಳಿಯ ಹೃದ್ರೋಗ ತಜ್ಞರಿಗೆ ವಾಟ್ಸ್‌ಆ್ಯಪ್‌ನಲ್ಲಿ ಹೋಗಬೇಕಿತ್ತು. ಚಕ್ರ ಸುತ್ತುತ್ತಲೇ ಇತ್ತು. "ಅಣ್ಣಾ, ನಿಮ್ಮ ಫೋನಿನಲ್ಲಿ ಎಷ್ಟು ಕಡ್ಡಿ ಇವೆ ನೋಡಿ" ಎಂದರು ನರ್ಸ್. ಒಂದೂ ಇರಲಿಲ್ಲ. ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಆಕೆ ಮಳೆಯಲ್ಲೇ ಮಾಳಿಗೆ ಹತ್ತಿದರು. ಫೋಟೊ ಹೋಗಲು ಇಪ್ಪತ್ತು ನಿಮಿಷ ಹಿಡಿಯಿತು.

ಅಪ್ಪ ಉಳಿದರು. ಆ ಇಪ್ಪತ್ತು ನಿಮಿಷ ಮಾತ್ರ ನನ್ನೊಳಗೆ ಹಾಗೇ ಕೂತಿದೆ.

5ಜಿಯಿಂದ ವೈದ್ಯಲೋಕವೇ ಬದಲಾಗುತ್ತದೆ ಎನ್ನುವವರು ಮೊದಲು ತೋರಿಸುವುದು ದೂರದ ಊರಿನಿಂದಲೇ ರೋಬೋಟ್ ಮೂಲಕ ಆಪರೇಷನ್ ಮಾಡುವ ಸರ್ಜನ್‌ನ ಚಿತ್ರವನ್ನು. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಮ್ಮ ಕಡೆ ಜೀವ ಹೋಗುವುದು ರೋಬೋಟ್ ಇಲ್ಲದೆ ಅಲ್ಲ, ಹೊತ್ತಿಗೆ ಸರಿಯಾಗಿ ತಜ್ಞರ ಒಂದು ಮಾತು ಸಿಗದೆ. ರಾಜ್ಯದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಆದರೆ ಇಸಿಜಿ ನೋಡಿದವರು "ಕೊಡಿ" ಎನ್ನುವವರೆಗೆ ಕೈ ಕಟ್ಟಿದಂತೆಯೇ.

ಇಸಿಜಿಯ ಫೋಟೊ ಕೆಲವು ನೂರು ಕೆಬಿ ಅಷ್ಟೇ, ಅದಕ್ಕೆ 5ಜಿಯೇ ಬೇಕಿಲ್ಲ, ಯಾವುದಾದರೂ ಗಟ್ಟಿ ಸಿಗ್ನಲ್ ಸಾಕು. 5ಜಿ ನಿಜವಾಗಿ ಬೇಕಾಗುವುದು ಓಡುತ್ತಿರುವ 108 ಆಂಬುಲೆನ್ಸ್‌ನೊಳಗೆ ಹೃದಯ ಮಿಡಿಯುವುದನ್ನು ತೋರಿಸುವ ಎಕೋ ಸ್ಕ್ಯಾನನ್ನೋ ಬಸುರಿಯ ಸ್ಕ್ಯಾನ್ ಅನ್ನೋ ಹುಬ್ಬಳ್ಳಿಯ ವೈದ್ಯರು ನೇರವಾಗಿ ನೋಡಬೇಕಾದಾಗ. ಅಲ್ಲಿ ವಿಡಿಯೊ ಊರಿನಿಂದ ಹೊರಗೆ ಹೋಗಬೇಕು. ನಮ್ಮ 5ಜಿ ಜಾಲಗಳೋ ಡೌನ್‌ಲೋಡ್‌ಗೆ ದೊಡ್ಡ ಪಾಲು ಇಟ್ಟು, ಅಪ್‌ಲೋಡ್‌ಗೆ ಚೂರು ಬಿಡುತ್ತವೆ. ಸಿನಿಮಾ ನೋಡುವವನಿಗೆ ಅದು ಸರಿ, ಆಂಬುಲೆನ್ಸ್‌ಗಲ್ಲ. ಇನ್ನು 5ಜಿ ಸಾಗುವ ರೇಡಿಯೊ ಅಲೆಗಳಲ್ಲಿ 3.3 ಗಿಗಾಹರ್ಟ್ಸ್ ಬ್ಯಾಂಡಿನವಕ್ಕೆ ವೇಗವಿದೆ, ಹರವು ಕಡಿಮೆ. 700 ಮೆಗಾಹರ್ಟ್ಸ್ ಅಲೆ ಹೆಚ್ಚು ದೂರ ತಲುಪುತ್ತದೆ, ಗೋಡೆಗಳನ್ನೂ ಚೆನ್ನಾಗಿ ದಾಟುತ್ತದೆ. ಗುಡ್ಡದ ಸೀಮೆಗೆ ಬೇಕಾದದ್ದು ಅದು.

ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಟವರ್ ಎಲ್ಲಿ ಬೇಕೆಂಬ ಲೆಕ್ಕವನ್ನು ಈಗಲಾದರೂ ಜನಸಂದಣಿಯಿಂದಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಿನಿಂದ ಶುರು ಮಾಡಿ. ಅಲ್ಲಿಂದ ಗದಗ, ಹುಬ್ಬಳ್ಳಿಗೆ ಆಂಬುಲೆನ್ಸ್ ಓಡುವ ರಸ್ತೆಯುದ್ದಕ್ಕೂ ಸಿಗ್ನಲ್ ತುಂಡಾಗದಂತೆ ನೋಡಿಕೊಳ್ಳಿ. ಜನಪ್ರತಿನಿಧಿಗಳನ್ನು ನಾನು ಕೇಳುವುದು ಇಷ್ಟನ್ನೇ, ಬಿಡದೆ ಕೇಳುತ್ತೇನೆ.

ಮೊನ್ನೆ ಅಪ್ಪನ ಮಾತ್ರೆ ತರಲು ಅದೇ ಆಸ್ಪತ್ರೆಗೆ ಹೋಗಿದ್ದೆ. ಮಾಳಿಗೆಯ ಬಾಗಿಲಿಗೆ ರಾತ್ರಿಯೂ ಬೀಗ ಹಾಕುವುದಿಲ್ಲವೆಂದು ಆ ನರ್ಸ್ ಹೇಳಿದರು.