ಸ್ಪಷ್ಟನೆ: ಜರ್ಮನಿಗೆ ಕಾಫಿಪುಡಿ ಕಳಿಸುವ ಸಣ್ಣವರಿಗೂ ನಿಯಮ ಇದೆ

ಮಡಿಕೇರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ತಿಂಗಳಿಗೆ ನಾಲ್ಕೈದು ಪಾರ್ಸೆಲ್ ಕಳಿಸುವವರಿಗೆ ಜರ್ಮನಿಯ ಪ್ಯಾಕೇಜಿಂಗ್ ಕಾನೂನು ಅನ್ವಯಿಸಲ್ಲ ಅಂತ. ತಪ್ಪು. ಅಲ್ಲಿ ಕನಿಷ್ಠ ಮಿತಿಯೇ ಇಲ್ಲ. ಗ್ರಾಹಕರ ಮನೆಗೆ ನೇರ ಮಾರುವವರು ಒಂದೇ ಪಾರ್ಸೆಲ್ ಕಳಿಸಿದರೂ ‘ಲೂಸಿಡ್’ ಅನ್ನೋ ಅಲ್ಲಿನ ಪ್ಯಾಕೇಜಿಂಗ್ ನೋಂದಣಿ ತಾಣದಲ್ಲಿ ಹೆಸರು ನೋಂದಾಯಿಸಬೇಕು.

ನೋಂದಣಿ ಉಚಿತ, ನಿಜ. ಅಲ್ಲಿಗೇ ಮುಗಿಯಲ್ಲ ಅಲ್ವಾ! ಕಸ ಸಂಗ್ರಹಿಸಿ ಮರುಬಳಕೆ ಮಾಡಿಸುವ ಅಲ್ಲಿನ ಕಂಪನಿಯೊಂದಕ್ಕೆ ತೂಕದ ಲೆಕ್ಕದಲ್ಲಿ ಶುಲ್ಕವನ್ನೂ ಕಟ್ಟಬೇಕು. ತೂಕ ಅಂದರೆ ಕಾಫಿಪುಡಿಯದ್ದಲ್ಲ. ಪೌಚು, ರಟ್ಟಿನ ಡಬ್ಬ, ಸಂದಿಯಲ್ಲಿ ತುರುಕಿದ ಕಾಗದ, ಮೇಲೆ ಸುತ್ತಿದ ಟೇಪು, ಇವುಗಳದ್ದು. ನೋಂದಾಯಿಸದಿದ್ದರೆ ದಂಡ 1 ಲಕ್ಷ ಯೂರೋವರೆಗೂ ಹೋಗಬಹುದು. 2022ರ ಜುಲೈನಿಂದ ಆನ್‌ಲೈನ್ ಮಾರಾಟ ತಾಣಗಳೂ ನೋಂದಣಿ ಪರಿಶೀಲಿಸಲೇಬೇಕು.

ಅಲ್ಲಿನ ಆಮದುದಾರರೇ ಮಾಲು ತರಿಸಿಕೊಂಡು ಮಾರಿದರೆ, ಹೊಣೆ ಸಾಮಾನ್ಯವಾಗಿ ಅವರದ್ದು.