ಸತ್ಯಾಂಶ: ಬಿಸಿಲಿನ ಬೈಕ್ ಸವಾರಿಯಲ್ಲಿ ಬರಿ ತೋಳು ತಂಪೇ?

‘ಬೇಸಿಗೆಯಲ್ಲಿ ಜಾಕೆಟ್ ಬೇಡ, ಅರ್ಧ ತೋಳಿನ ಅಂಗಿ ಸಾಕು, ಗಾಳಿಯೇ ಮೈಯನ್ನು ತಂಪಾಗಿಸುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರುವುದರಿಂದ, ಗಾಳಿ ಅದಕ್ಕಿಂತ ತಣ್ಣಗಿರುವವರೆಗೆ ಮಾತ್ರ ಮೈಯ ಶಾಖವನ್ನು ಒಯ್ಯುತ್ತದೆ. ಕಲಬುರಗಿ, ರಾಯಚೂರುಗಳ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಉಷ್ಣತೆ 40 ಡಿಗ್ರಿ ದಾಟಿದಾಗ ಅದೇ ಗಾಳಿ ಮೈಗೆ ಶಾಖವನ್ನು ತುಂಬುತ್ತದೆ. ಆಗ ತಂಪು ನೀಡುವುದು ಬೆವರು ಆರುವ ಕ್ರಿಯೆಯೊಂದೇ; ಆದರೆ ಬರಿ ತೋಳಿನ ಮೇಲೆ ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುವುದರಿಂದ, ದೇಹದ ನೀರು ಕಡಿಮೆಯಾಗುತ್ತಿರುವುದು ಸವಾರರ ಗಮನಕ್ಕೆ ಬರುವುದೇ ಇಲ್ಲ. ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯ ಬನಿಯನ್ ಮೇಲೆ ಗಾಳಿಯಾಡುವ ಜಾಲರಿ ಜಾಕೆಟ್ ತೊಟ್ಟು, ಬಾಯಾರುವ ಮುನ್ನವೇ ನೀರನ್ನೋ ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಕುಡಿಯುತ್ತಾ ಸಾಗುವುದು ಮೇಲು. ಸಂಜೆ ಅಡ್ಡಮಳೆ ಸುರಿದರೆ ಮಾತ್ರ ಆ ಒದ್ದೆ ಬನಿಯನ್ನನ್ನು ಕೂಡಲೇ ಬದಲಿಸಬೇಕು, ಏಕೆಂದರೆ ಉಷ್ಣತೆ ಇಳಿದ ಮೇಲೆ ಅದೇ ತೇವ ಮೈಯನ್ನು ನಡುಗಿಸುತ್ತದೆ.