ಅನಸ್ತೇಶಿಯಾ ಡಾಕ್ಟರು ಜಾತಿ ಕೇಳಿದರು

ಹೋದ ತಿಂಗಳು ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್. ಎರಡು ದಿನ ಮೊದಲು ಅನಸ್ತೇಶಿಯಾ ಡಾಕ್ಟರು ಬಂದು ಬಿಪಿ, ಶುಗರ್, ಕಟ್ಟಿಸಿದ ಹಲ್ಲು ಎಲ್ಲ ವಿಚಾರಿಸಿದರು. ಫೈಲ್ ಮುಚ್ಚುವ ಮುಂಚೆ ಮೆಲ್ಲಗೆ, "ನೀವು ಶೆಟ್ಟರಾ?" ಅಂದರು. ಕಲ್ಲು ಅಮ್ಮನಿಗಾದರೂ ಪಿತ್ತ ನೆತ್ತಿಗೇರಿದ್ದು ನನಗೆ. ಇಲ್ಲೂ ಜಾತಿಯಾ? ಅಮ್ಮ ಮಾತ್ರ ಖುಷಿಯಾಗಿ "ಹೌದು, ಆರ್ಯವೈಶ್ಯರು" ಅಂದು ಗೋತ್ರವನ್ನೂ ಹೇಳಿಬಿಟ್ಟಳು.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಗಂಟಲಿಗೆ ನಳಿಕೆ ಇಳಿಸಲು ಸಕ್ಸಿನೈಲ್‌ಕೋಲಿನ್ ಅಂತ ಒಂದು ಇಂಜೆಕ್ಷನ್ ಕೊಡುತ್ತಾರೆ. ಅವರ ಬಾಯಲ್ಲಿ ಅದು ಸ್ಕೋಲಿನ್. ಒಂದು ನಿಮಿಷದಲ್ಲಿ ಉಸಿರಾಟದ ಸ್ನಾಯು ಸೇರಿ ಮೈಯೆಲ್ಲ ಸಡಿಲ. ಐದು ಹತ್ತು ನಿಮಿಷಕ್ಕೆ ಮತ್ತೆ ಮೊದಲಿನಂತೆ. ಯಾಕೆಂದರೆ ಲಿವರ್ ತಯಾರಿಸಿ ರಕ್ತಕ್ಕೆ ಬಿಡುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಆ ಔಷಧವನ್ನು ಕತ್ತರಿಸಿ ಹಾಕುತ್ತದೆ.

ಕೆಲವರಿಗೆ ಆ ಕಿಣ್ವದ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬೇರೆ. ಅಪ್ಪ, ಅಮ್ಮ ಇಬ್ಬರಿಂದಲೂ ಅದೇ ಬಂದರೆ ಕಿಣ್ವ ಇದ್ದೂ ಇಲ್ಲದಂತೆ. ಊಟ, ನಿದ್ದೆ, ವ್ಯಾಪಾರ ಯಾವುದಕ್ಕೂ ತೊಂದರೆಯಿಲ್ಲ. ಸ್ಕೋಲಿನ್ ಒಳಗೆ ಹೋದ ದಿನ ಮಾತ್ರ ಗಂಟೆಗಟ್ಟಲೆ ಸ್ವಂತ ಉಸಿರು ಬರುವುದಿಲ್ಲ. ವೆಂಟಿಲೇಟರಿನಲ್ಲಿಟ್ಟು ಕಾದರೆ ಸರಿಹೋಗುತ್ತದೆ. ಆದರೆ ನಿದ್ದೆಯ ಔಷಧ ಮೊದಲೇ ಇಳಿದುಬಿಟ್ಟರೆ? ಎಚ್ಚರವಿದೆ, ಸುತ್ತಲಿನವರ ಮಾತು ಕೇಳಿಸುತ್ತಿದೆ, ರೆಪ್ಪೆ ಎತ್ತಲೂ ಆಗುತ್ತಿಲ್ಲ. ನೆನೆದರೇ ಮೈ ಜುಂ ಅನ್ನುತ್ತದೆ.

ದಕ್ಷಿಣದ ವೈಶ್ಯರಲ್ಲಿ ಈ ಬದಲಾವಣೆ ಬೇರೆಯವರಿಗಿಂತ ತುಂಬಾ ಜಾಸ್ತಿ. ತಲೆತಲಾಂತರದಿಂದ ನಮ್ಮ ನಮ್ಮಲ್ಲೇ ಹೆಣ್ಣು ಕೊಟ್ಟು ತಂದಿದ್ದೇವಲ್ಲ, ಅದರ ಜೊತೆಗೆ ಬಂದ ಬಳುವಳಿ.

ಸಿಟ್ಟು ಇಳಿಯಿತು. ಆದರೂ ಆ ಪ್ರಶ್ನೆ ನನಗೆ ಈಗಲೂ ಸಾಲದು ಅನ್ನಿಸುತ್ತದೆ. ಮಂಗಳೂರಿನ ಬಂಟರೂ ಶೆಟ್ಟರೇ, ಅವರಿಗೂ ನಮಗೂ ಎಲ್ಲಿಯ ನೆಂಟಸ್ತಿಕೆ? ನಮ್ಮಲ್ಲೇ ಗುಪ್ತ ಅಂತ ಬರೆದುಕೊಳ್ಳುವವರು ಬೇಕಾದಷ್ಟು ಜನ. ಬೇರೆ ಜಾತಿಗಳಲ್ಲೂ ಅಲ್ಲೊಬ್ಬರು ಇಲ್ಲೊಬ್ಬರಿಗೆ ಈ ತೊಂದರೆ ಇರುತ್ತದೆ. ಕೆನಡಾದ ಔಷಧ ವಿಜ್ಞಾನಿ ವರ್ನರ್ ಕ್ಯಾಲೊ 1950ರ ದಶಕದಲ್ಲೇ ಇದನ್ನು ರಕ್ತದಲ್ಲಿ ಅಳೆಯುವ ದಾರಿ ತೋರಿಸಿದ್ದರು, ಜಾತಿಯ ಹಂಗಿಲ್ಲದೆ. ಕೀಟನಾಶಕ ಕುಡಿದು ಬಂದವರಿಗೆ ನಮ್ಮ ಆಸ್ಪತ್ರೆಗಳು ಮಾಡಿಸುವ ಕೋಲಿನೆಸ್ಟರೇಸ್ ಪರೀಕ್ಷೆ ಇದೆಯಲ್ಲ, ಅಳೆಯುವುದು ಇದೇ ಕಿಣ್ವವನ್ನು. ಅನುಮಾನ ಬಂದವರಿಗೆ ಅದನ್ನೇ ಮಾಡಿಸಬಹುದು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲಿ ಅಂತ ನುಂಗುವ ಕ್ಲೊಪಿಡೋಗ್ರೆಲ್ ಮಾತ್ರೆಯದೂ ಇಂಥದೇ ಕಥೆ, ಲಿವರಿನ ಇನ್ನೊಂದು ಕಿಣ್ವ ಚುರುಕಾಗಿಲ್ಲದಿದ್ದರೆ ಅದು ಸರಿಯಾಗಿ ಕೆಲಸವನ್ನೇ ಮಾಡದು. ಅಲ್ಲಿ ಯಾರೂ ಏನೂ ಕೇಳುವುದೂ ಇಲ್ಲ.

ಕೇಳಬೇಕಾದ್ದು ಇಷ್ಟೇ ಅಲ್ವಾ: "ನಿಮ್ಮ ಮನೆಯಲ್ಲಿ ಆಪರೇಷನ್ ಆದ ಮೇಲೆ ಯಾರಿಗಾದರೂ ಉಸಿರು ಬರುವುದು ತಡವಾಗಿತ್ತಾ?"

ಅಂದು ರಾತ್ರಿ ನಾನೇ ಅಮ್ಮನನ್ನು ಕೇಳಿದೆ. ತಕ್ಷಣ ನಕ್ಕಳು. ಅವಳ ತಮ್ಮನಿಗೆ ಹರ್ನಿಯಾ ಆಪರೇಷನ್ ಆದಾಗ ಬೆಳಿಗ್ಗೆ ಒಳಗೆ ಹೋದವನು ವಾರ್ಡಿಗೆ ಬಂದಿದ್ದು ದೀಪ ಹಚ್ಚುವ ಹೊತ್ತಿಗೆ. "ಟೇಬಲ್ ಮೇಲೂ ಮಧ್ಯಾಹ್ನದ ನಿದ್ದೆ ಬಿಡಲಿಲ್ಲ" ಅಂತ ಮದುವೆ ಮನೆಗಳಲ್ಲೆಲ್ಲ ಹೇಳಿ ನಕ್ಕಿದ್ದೇವೆ ನಾವು.

ಮಾರನೇ ದಿನ ಅಮ್ಮನ ರಿಪೋರ್ಟ್ ಬಂತು, ಕಿಣ್ವ ತೀರಾ ಕಡಿಮೆ. ಡಾಕ್ಟರು ಸ್ಕೋಲಿನ್ ಬಿಟ್ಟು, ಈ ಕಿಣ್ವದ ಹಂಗಿಲ್ಲದ ರೊಕ್ಯುರೋನಿಯಂ ಕೊಟ್ಟರು. ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮೊನ್ನೆ ಮಾವನಿಗೆ ಫೋನ್ ಮಾಡಿ, ನೀವೂ ರಕ್ತ ಪರೀಕ್ಷೆ ಮಾಡಿಸಿ ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೂವತ್ತು ವರ್ಷ ಸುಮ್ನೆ ಸೋಮಾರಿ ಅನ್ನಿಸಿಕೊಂಡೆನಲ್ಲೋ" ಅಂದರು.